ಡಬ್ಬಿಯ ಮೇಲೆ 64 ಜಿಬಿ, ಒಳಗೆ ಎಷ್ಟು? ಹೊಸ ಟ್ಯಾಬ್ಲೆಟ್‌ನಲ್ಲಿ ಜಾಗ ಬಿಡಿಸಿಕೊಳ್ಳುವ ಕ್ರಮ

ಬಸವನಗುಡಿಯ ನನ್ನ ಚಿಕ್ಕಮ್ಮ ಹೊಸ ಟ್ಯಾಬ್ಲೆಟ್ ಕೊಂಡ ನಾಲ್ಕನೆಯ ದಿನಕ್ಕೇ ಫೋನ್ ಮಾಡಿದರು. ‘ಜಾಗ ಮುಗಿಯುತ್ತಾ ಬಂದಿದೆ ಎಂದು ತೋರಿಸುತ್ತಿದೆ. ನಾನಿನ್ನೂ ಒಂದು ಫೋಟೊ ಕೂಡ ತೆಗೆದಿಲ್ಲ!’ ಒಂದು ಕೆಜಿ ಬೇಳೆ ತಂದು ಮನೆಯಲ್ಲಿ ತೂಗಿದಾಗ ಮುಕ್ಕಾಲು ಕೆಜಿ ಬಂದರೆ ಎಂಥ ಸಿಟ್ಟು ಬರುತ್ತದೆಯೋ ಅಂಥದೇ ಸಿಟ್ಟು ಆ ದನಿಯಲ್ಲಿತ್ತು. ಶನಿವಾರ ಹೋದೆ. ಕಾಫಿಗೆ ಮೊದಲೇ ಟ್ಯಾಬ್ಲೆಟ್ ಕೈಗೆ ಬಂತು. ಡಬ್ಬಿಯ ಮೇಲೆ 64 ಜಿಬಿ ಎಂದು ಬರೆದಿತ್ತು. ಒಳಗೆ ಖಾಲಿ ಉಳಿದಿದ್ದು 5.

ಆ ಮಧ್ಯಾಹ್ನ ಮಾಡಿದ್ದನ್ನೇ ಮಾಡಿದ ಕ್ರಮದಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳ ಮಾತು. ಐಪ್ಯಾಡ್ ಮತ್ತು ವಿಂಡೋಸ್‌ನವರಿಗೆ ಕೊನೆಯಲ್ಲಿ ಸ್ವಲ್ಪ ಇದೆ. ಒಂದೇ ವಿನಂತಿ: ಕಂಡದ್ದನ್ನೆಲ್ಲ ಅಳಿಸುವ ಆತುರ ಬೇಡ. ಯಾವ ಜಾಗ ಮರಳಿ ಬರುತ್ತದೆ, ಯಾವುದು ಎಷ್ಟು ತಿಣುಕಿದರೂ ಬರುವುದಿಲ್ಲ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕಳೆದುಹೋದದ್ದು ಎಲ್ಲಿ?

ಬೆಂಗಳೂರಿನಲ್ಲಿ ಫ್ಲ್ಯಾಟ್ ಹುಡುಕಿದವರಿಗೆ ಇದನ್ನು ವಿವರಿಸುವುದು ಸುಲಭ. ಕರಪತ್ರದಲ್ಲಿ 1,200 ಚದರಡಿ ಸೂಪರ್ ಬಿಲ್ಟ್‌ಅಪ್ ಎಂದಿರುತ್ತದೆ. ಒಳಗೆ ಕಾಲಿಟ್ಟರೆ ಚಾಪೆ ಹಾಸಲು ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ; ಉಳಿದದ್ದು ಲಿಫ್ಟು, ಮೆಟ್ಟಿಲು, ಗೋಡೆಯ ದಪ್ಪ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದ ಮೇಲೆ ಬಿಲ್ಡರ್‌ಗಳು ಕಾರ್ಪೆಟ್ ಏರಿಯಾವನ್ನು, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ನೆಲವನ್ನು, ಹೇಳಲೇಬೇಕಾಯಿತು. ಟ್ಯಾಬ್ಲೆಟ್ ಡಬ್ಬಿಯ ಮೇಲೆ ಮಾತ್ರ ಇಂದಿಗೂ ಸೂಪರ್ ಬಿಲ್ಟ್‌ಅಪ್ ಲೆಕ್ಕವೇ ದೊಡ್ಡ ಅಕ್ಷರದಲ್ಲಿ ಮೆರೆಯುತ್ತದೆ. ‘ಬಳಕೆಗೆ ಸಿಗುವ ಜಾಗ ಇದಕ್ಕಿಂತ ಕಡಿಮೆ’ ಎಂಬ ಮಾತು ಇದ್ದರೆ, ನಕ್ಷತ್ರದ ಗುರುತು ಹಾಕಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಎಲ್ಲೋ ತಳದಲ್ಲಿ ಇರುತ್ತದೆ.

ಮೊದಲ ಕಡಿತ ಅಳತೆಗೋಲಿನದು. ತಯಾರಕರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ಕಂಪ್ಯೂಟರಿನ ಹಳೆಯ ಎಣಿಕೆಯಲ್ಲಿ ಅದು 107,37,41,824 ಬೈಟ್. ಹಾಗಾಗಿ ತಯಾರಕರ 64 ಆ ಎಣಿಕೆಯಲ್ಲಿ 59.6 ಆಗುತ್ತದೆ, 128 ಎಂಬುದು 119.2, 256 ಎಂಬುದು 238.4. ಈ ಗೊಂದಲ ತಪ್ಪಿಸಲೆಂದೇ 1998ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗ ಎರಡನೆಯ ಅಳತೆಗೆ ‘ಗಿಬಿಬೈಟ್’ ಎಂದು ಬೇರೆ ಹೆಸರಿಟ್ಟಿತು. ಆದರೆ ವಿಂಡೋಸ್ ಇವತ್ತಿಗೂ ಗಿಬಿಬೈಟ್‌ನಲ್ಲಿ ಎಣಿಸಿ ಜಿಬಿ ಎಂದೇ ಬರೆಯುತ್ತದೆ. ಟ್ಯಾಬ್ಲೆಟ್‌ನಲ್ಲಿ 43 ಜಿಬಿ ಎಂದು ಕಂಡ ಜಾಗ ವಿಂಡೋಸ್ ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ 40 ಎಂದು ಕಂಡರೆ ಗಾಬರಿಯಾಗಬೇಡಿ. ಯಾರೂ ಕದ್ದಿಲ್ಲ, ಸೇರು ಬದಲಾಗಿದೆ ಅಷ್ಟೆ.

ಎರಡನೆಯದು ದೊಡ್ಡದು: ಆಪರೇಟಿಂಗ್ ಸಿಸ್ಟಂ, ಅಂದರೆ ಟ್ಯಾಬ್ಲೆಟ್ ಅನ್ನು ನಡೆಸುವ ಮೂಲ ತಂತ್ರಾಂಶ. ಆಂಡ್ರಾಯ್ಡ್‌ನ ಸಿಸ್ಟಂ ಭಾಗ ಕಾರ್ಖಾನೆಯಲ್ಲೇ ಅಳೆದು ಕಟ್ಟಿದ ಪ್ರತ್ಯೇಕ ಕೋಣೆ. ಅದರ ಒಳಗನ್ನು ಓದಬಹುದು, ಬದಲಿಸಲಾಗದು. ಆ ಕೋಣೆಯಲ್ಲಿ ಮೂಲೆ ಖಾಲಿ ಇದ್ದರೂ ನಿಮ್ಮ ಫೋಟೊ ಅಲ್ಲಿಗೆ ಹೋಗುವುದಿಲ್ಲ. ಸಾಲದ್ದಕ್ಕೆ, ನೀವು ಬಳಸುತ್ತಿರುವಾಗಲೇ ಹಿನ್ನೆಲೆಯಲ್ಲಿ ಅಪ್‌ಡೇಟ್ ಆಗಲಿ ಎಂದು 2016ರ ಆಂಡ್ರಾಯ್ಡ್ 7ರಿಂದ ಸಿಸ್ಟಂನ ಎರಡು ಪ್ರತಿ ಇಡುವ ವ್ಯವಸ್ಥೆ ಬಂತು. ಆಂಡ್ರಾಯ್ಡ್ 11ರಿಂದ ಈ ಎರಡನೆಯ ಪ್ರತಿಯ ಹೊರೆ ಇಳಿದಿದೆಯಾದರೂ, ಅಪ್‌ಡೇಟ್ ನಡೆಯುವಷ್ಟು ಹೊತ್ತು ಅದು ನಿಮ್ಮ ಪಾಲಿನಿಂದಲೇ ಜಾಗದ ಕೈಗಡ ಕೇಳುತ್ತದೆ.

ಸ್ಟೋರೇಜ್ ಪುಟದಲ್ಲಿ ಆಂಡ್ರಾಯ್ಡ್ ಇನ್ನೊಂದು ಕೈಚಳಕ ತೋರಿಸುತ್ತದೆ. ಒಟ್ಟು ಮೊತ್ತವನ್ನು ಮೇಲಕ್ಕೆ ದುಂಡಗೆ ಮಾಡಿ ‘64’ ಎಂದೇ ಹೇಳಿ, ಹೊಂದದೆ ಉಳಿದ ಚಿಲ್ಲರೆಯನ್ನು ‘ಸಿಸ್ಟಂ’ ಎಂಬ ಸಾಲಿಗೆ ತುರುಕುತ್ತದೆ. ಮದುವೆ ಖರ್ಚಿನ ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂದು ಬರೆಯುವುದಿಲ್ಲವೇ, ಹಾಗೆ.

ಇದು ಹೊಸ ದೂರೂ ಅಲ್ಲ. 2013ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊ ಮಾರುಕಟ್ಟೆಗೆ ಬರುವ ಮುನ್ನವೇ, ಅದರ 64 ಜಿಬಿ ಮಾದರಿಯಲ್ಲಿ ಬಳಕೆಗೆ ಉಳಿಯುವುದು ಸುಮಾರು 23 ಜಿಬಿ ಎಂದು ಕಂಪನಿಯೇ ಹೇಳಿ ದೊಡ್ಡ ಗಲಾಟೆಯಾಗಿತ್ತು.

ಹಂತ 1: ಕಾಗದ, ಪೆನ್ನು

ಸೆಟ್ಟಿಂಗ್ಸ್‌ಗೆ ಹೋಗಿ ‘ಸ್ಟೋರೇಜ್’ ತೆರೆಯಿರಿ. ಭಾಷೆ ಕನ್ನಡಕ್ಕೆ ಬದಲಿಸಿದ್ದರೆ ‘ಸಂಗ್ರಹಣೆ’ ಎಂದಿರುತ್ತದೆ. ಕೆಲವು ತಯಾರಕರು ಇದನ್ನು ‘ಡಿವೈಸ್ ಕೇರ್’ ಅಥವಾ ‘ಅಬೌಟ್ ಟ್ಯಾಬ್ಲೆಟ್’ ಒಳಗೆ ಬಚ್ಚಿಟ್ಟಿರುತ್ತಾರೆ. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪೆಟ್ಟಿಗೆಯೇ ಸಲೀಸು. ಪುಟ ತೆರೆದ ಮೇಲೆ ಅರ್ಧ ನಿಮಿಷ ಸುಮ್ಮನೆ ಕಾಯಿರಿ, ಅಂಕಿಗಳು ಎಣಿಕೆ ಮುಗಿಯುವವರೆಗೆ ಬದಲಾಗುತ್ತಲೇ ಇರುತ್ತವೆ. ಆಮೇಲೆ ಬರೆದುಕೊಳ್ಳಿ. ಚಿಕ್ಕಮ್ಮನ ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ನಾನು ಬರೆದದ್ದು ಹೀಗಿತ್ತು: ಸಿಸ್ಟಂ 21, ಆ್ಯಪ್‌ಗಳು 27, ಚಿತ್ರ ಮತ್ತು ವಿಡಿಯೊ 6, ಕಸದ ಬುಟ್ಟಿ 3, ಕಡತಗಳು 2. ಒಟ್ಟು 59. ಖಾಲಿ 5.

ಇದನ್ನು ಬರೆಯದೆ ಮುಂದೆ ಹೋದರೆ ಏನಾಗುತ್ತದೆ ಎಂದು ಬಲ್ಲೆ. 200 ಎಂಬಿಯ ಆ್ಯಪ್ ಒಂದನ್ನು ಅಳಿಸಲೋ ಬೇಡವೋ ಎಂದು ಹತ್ತು ನಿಮಿಷ ಯೋಚಿಸುತ್ತೇವೆ, 11 ಜಿಬಿಯ ಆಟ ಪಕ್ಕದಲ್ಲೇ ಆರಾಮವಾಗಿ ಮಲಗಿರುತ್ತದೆ.

ಹಂತ 2: ಅಪ್‌ಡೇಟ್ ಮೊದಲು

ಹೊಸ ಟ್ಯಾಬ್ಲೆಟ್ ಆದರೆ ಸಿಸ್ಟಂ ಅಪ್‌ಡೇಟ್, ಆಮೇಲೆ ಪ್ಲೇ ಸ್ಟೋರ್‌ನ ಆ್ಯಪ್ ಅಪ್‌ಡೇಟ್‌ಗಳು, ನಂತರ ಒಮ್ಮೆ ರೀಸ್ಟಾರ್ಟ್. ಇದೆಲ್ಲ ಮುಗಿದ ಮೇಲಿನ ಅಂಕಿಯೇ ನಿಮ್ಮ ನಿಜವಾದ ಕಾರ್ಪೆಟ್ ಏರಿಯಾ. ಮೊದಲು ಜಾಗ ಮಾಡಿ ಆಮೇಲೆ ಅಪ್‌ಡೇಟ್ ಹಾಕಿದರೆ ಎರಡನೆಯ ಬಾರಿ ಗುಡಿಸಬೇಕಾಗುತ್ತದೆ. ಅಪ್‌ಡೇಟ್‌ಗೇ ಜಾಗ ಸಾಲದಿದ್ದರೆ ಐದನೆಯ ಹಂತಕ್ಕೆ ಹೋಗಿ ಕಸದ ಬುಟ್ಟಿ ಖಾಲಿ ಮಾಡಿ ಬನ್ನಿ.

ಹಂತ 3: ಸಾಲ ತಂದ ರ‍್ಯಾಮ್

ಬಹಳ ಮಂದಿಗೆ ಗೊತ್ತಿಲ್ಲದ ಸೋರಿಕೆ ಇದು. ರ‍್ಯಾಮ್ ಎಂದರೆ ತೆರೆದ ಆ್ಯಪ್‌ಗಳು ಕೆಲಸ ಮಾಡುವ ತಾತ್ಕಾಲಿಕ ಜಾಗ; ಕಡತ ಇಡುವ ಸ್ಟೋರೇಜ್ ಬೇರೆ. ‘4 ಜಿಬಿ ರ‍್ಯಾಮ್, ಇನ್ನೂ 4 ಜಿಬಿ ಹೆಚ್ಚುವರಿ’ ಎಂದು ಜಾಹೀರಾತಿನಲ್ಲಿ ಓದಿರುತ್ತೀರಿ. ಆ ಹೆಚ್ಚುವರಿ 4 ಆಕಾಶದಿಂದ ಇಳಿದದ್ದಲ್ಲ. ನಿಮ್ಮ ಸ್ಟೋರೇಜ್‌ನಿಂದಲೇ ಕತ್ತರಿಸಿ ತೆಗೆದದ್ದು. ಸ್ಯಾಮ್‌ಸಂಗ್‌ನಲ್ಲಿ ಇದಕ್ಕೆ ‘ರ‍್ಯಾಮ್ ಪ್ಲಸ್’ ಎಂದು ಹೆಸರು, ಬೇರೆಯವರಲ್ಲಿ ‘ಮೆಮೊರಿ ಎಕ್ಸ್‌ಟೆನ್ಷನ್’, ‘ರ‍್ಯಾಮ್ ಎಕ್ಸ್‌ಪಾನ್ಷನ್’ ಎಂದೆಲ್ಲ ಇರುತ್ತದೆ. ಹುಡುಕು ಪೆಟ್ಟಿಗೆಯಲ್ಲಿ ರ‍್ಯಾಮ್ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಸಿಕ್ಕಿಬಿಡುತ್ತದೆ. ಆಫ್ ಮಾಡಿ ಅಥವಾ ಇರುವುದರಲ್ಲೇ ಚಿಕ್ಕ ಅಂಕಿ ಆಯ್ದು ರೀಸ್ಟಾರ್ಟ್ ಮಾಡಿ.

ಇದನ್ನು ಎಲ್ಲರೂ ಆಫ್ ಮಾಡಬೇಕೇ? ಹತ್ತು ಆ್ಯಪ್ ತೆರೆದಿಟ್ಟು ಅದರಿಂದಿದಕ್ಕೆ ಜಿಗಿಯುವವರಿಗೆ ಸ್ವಲ್ಪ ಉಪಯೋಗವಿದೆ, ಇಟ್ಟುಕೊಳ್ಳಲಿ. ಆದರೆ ಸ್ಟೋರೇಜ್ ಎಂದಿಗೂ ನಿಜವಾದ ರ‍್ಯಾಮ್‌ನ ವೇಗಕ್ಕೆ ಬರುವುದಿಲ್ಲ. ಚಿಕ್ಕಮ್ಮ ಬೆಳಿಗ್ಗೆ ಪತ್ರಿಕೆ ಓದಿ, ಸಂಜೆ ಮೈಸೂರಿನ ಮಗಳಿಗೆ ವಿಡಿಯೊ ಕರೆ ಮಾಡುತ್ತಾರೆ. ಆಫ್ ಮಾಡಿದ್ದು ಅವರಿಗೆ ತಿಳಿಯಲೇ ಇಲ್ಲ. 21 ಇದ್ದ ಸಿಸ್ಟಂ 17ಕ್ಕೆ ಇಳಿಯಿತು. ಒಂದು ಫೋಟೊ ಅಳಿಸದೆ 4 ಜಿಬಿ.

ಹಂತ 4: ಕೊಳ್ಳುವಾಗಲೇ ಒಳಗಿದ್ದ ಆ್ಯಪ್‌ಗಳು

ಇವುಗಳಲ್ಲಿ ಎರಡು ಜಾತಿ. ‘ಅನ್‌ಇನ್‌ಸ್ಟಾಲ್’ ಎಂಬ ಗುಂಡಿ ಇದ್ದರೆ ಆ ಆ್ಯಪ್ ನಿಮ್ಮ ಪಾಲಿನ ಜಾಗದಲ್ಲಿ ಬಿಡಾರ ಹೂಡಿದೆ. ತೆಗೆದರೆ ಜಾಗ ಬರುತ್ತದೆ. ‘ಡಿಸೇಬಲ್’ ಮಾತ್ರ ಇದ್ದರೆ ಅದು ಸಿಸ್ಟಂ ಕೋಣೆಯ ನಿವಾಸಿ. ಡಿಸೇಬಲ್ ಮಾಡಿದಾಗ ಅದರ ಮೇಲೆ ಕೂತ ಅಪ್‌ಡೇಟ್‌ಗಳೂ ಕೂಡಿಸಿಕೊಂಡ ದತ್ತಾಂಶವೂ ಹೋಗುತ್ತವೆ. ಅಷ್ಟೇ ಲಾಭ, ಮೂಲ ಪ್ರತಿ ಅಲ್ಲೇ ಇರುತ್ತದೆ. ಕಂಪ್ಯೂಟರಿಗೆ ಜೋಡಿಸಿ ಆಜ್ಞೆ ಕೊಟ್ಟು ಇವನ್ನೂ ಕಿತ್ತೊಗೆಯುವ ವಿಧಾನ ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಹಾಗೆ ಕಿತ್ತದ್ದೂ ನಿಮ್ಮ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ, ಸಿಸ್ಟಂ ಕೋಣೆಯಿಂದ ಕದಲುವುದಿಲ್ಲ. ಜಾಗಕ್ಕಾಗಿ ಆ ಸಾಹಸ ವ್ಯರ್ಥ.

ನಾವು ತೆಗೆದದ್ದು ಎರಡು ಆಟ, ಒಂದು ಶಾಪಿಂಗ್ ಆ್ಯಪ್, ಯಾರೂ ತೆರೆಯದ ಒಂದು ಸುದ್ದಿ ಆ್ಯಪ್. ಎಲ್ಲ ಸೇರಿ 2 ಜಿಬಿ.

ಹಂತ 5: ನಿಜವಾಗಿ ತಿನ್ನುವವರು

ಸ್ಟೋರೇಜ್ ಪುಟದಲ್ಲಿ ‘ಆ್ಯಪ್‌ಗಳು’ ಸಾಲನ್ನು ಒತ್ತಿ, ಗಾತ್ರದ ಪ್ರಕಾರ ಜೋಡಿಸಿ. ಮೇಲಿನ ಐದು ಹೆಸರು ಸಾಕು, ಕೆಳಗಿನ ಐವತ್ತನ್ನು ಮುಟ್ಟಬೇಡಿ. ‘ನಾನು ಏನೂ ತುಂಬಿಲ್ಲ’ ಎಂದ ಚಿಕ್ಕಮ್ಮನ ಪಟ್ಟಿಯ ತುದಿಯಲ್ಲಿ ಕಾರ್ ರೇಸಿನ ಆಟವೊಂದು 11 ಜಿಬಿ ಹಿಡಿದು ಕೂತಿತ್ತು. ಎರಡನೆಯ ಸಾಲಿನಲ್ಲಿ 8 ಜಿಬಿ ಕಾರ್ಟೂನ್ ಡೌನ್‌ಲೋಡ್. ಏಳು ವರ್ಷದ ಮೊಮ್ಮಗ ಕಿಟಕಿಯ ಹೊರಗೆ ನೋಡತೊಡಗಿದ. ಮಾತುಕತೆ ನಡೆಯಿತು: ಆಟ ಇರುತ್ತದೆ, ಕಾರ್ಟೂನ್‌ಗಳು ಮೆಮೊರಿ ಕಾರ್ಡಿಗೆ ಹೋಗುತ್ತವೆ.

ವಿಡಿಯೊ ಆ್ಯಪ್‌ಗಳ ಡೌನ್‌ಲೋಡ್‌ಗಳನ್ನು ಫೈಲ್ ಮ್ಯಾನೇಜರಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಅವು ಕಾಣುವುದಿಲ್ಲ. ಆಯಾ ಆ್ಯಪ್ ಒಳಗಿನ ‘ಡೌನ್‌ಲೋಡ್ಸ್’ ಪುಟದಲ್ಲೇ ಅಳಿಸಬೇಕು. ಅಲ್ಲೇ ಗುಣಮಟ್ಟ ಇಳಿಸುವ ಆಯ್ಕೆಯೂ ಇರುತ್ತದೆ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ಮೆಟ್ರೊ ಪಯಣದಲ್ಲಿ ನೋಡಲು ಸಿನಿಮಾ ಇಳಿಸಿಕೊಳ್ಳುವವರು, ಹತ್ತು ಇಂಚಿನ ಪರದೆಗೆ ಅತಿ ಎತ್ತರದ ಗುಣಮಟ್ಟ ಆಯ್ದು ಜಾಗ ಸುಡುವುದನ್ನು ನಾನು ಕಂಡಿದ್ದೇನೆ. ಮಧ್ಯಮ ಸಾಕು.

ವಾಟ್ಸ್‌ಆ್ಯಪ್ ವಿಷಯ ಸ್ವಲ್ಪ ನಾಜೂಕು. ಟ್ಯಾಬ್ಲೆಟ್‌ನಲ್ಲಿ ಅದು ಸಾಮಾನ್ಯವಾಗಿ ಫೋನಿನ ಖಾತೆಗೆ ಜೋಡಿಸಿದ ಎರಡನೆಯ ಸಾಧನ. ಇಲ್ಲಿ ಸಂದೇಶವನ್ನೇ ಅಳಿಸಿದರೆ ಫೋನಿನಿಂದಲೂ ಹೋಗಬಹುದು. ಆದ್ದರಿಂದ ಮೊದಲು ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಮತ್ತು ಡೇಟಾ’ದಲ್ಲಿ ವೈಫೈ ಇರುವಾಗಿನ ತಾನೇ ಇಳಿಯುವ ವ್ಯವಸ್ಥೆಯನ್ನು ಪೂರ್ತಿ ನಿಲ್ಲಿಸಿ. ಆಮೇಲೆ ಫೈಲ್ ಮ್ಯಾನೇಜರಿನಲ್ಲಿ ‘ಆಂಡ್ರಾಯ್ಡ್’ ಫೋಲ್ಡರ್, ಅದರೊಳಗೆ ‘ಮೀಡಿಯಾ’, ಅದರೊಳಗೆ ವಾಟ್ಸ್‌ಆ್ಯಪ್‌ನ ಫೋಲ್ಡರ್ ಹೀಗೆ ಇಳಿದು ವಿಡಿಯೊ ಕಡತಗಳನ್ನು ಮಾತ್ರ ಅಳಿಸಿ. ಸಂದೇಶ ಉಳಿಯುತ್ತದೆ, ಈ ಟ್ಯಾಬ್ಲೆಟ್‌ನ ಪ್ರತಿ ಮಾತ್ರ ಹೋಗುತ್ತದೆ. ಸಂಬಂಧಿಕರ ಮದುವೆಯ ಗುಂಪೊಂದೇ ನಮಗೆ 5 ಜಿಬಿ ಬಿಟ್ಟುಕೊಟ್ಟಿತು. ಅದೇ ನಾಗಸ್ವರದ ತುಣುಕು ನಾಲ್ಕು ಜನರಿಂದ ನಾಲ್ಕು ಬಾರಿ ಬಂದಿತ್ತು.

ಟೆಲಿಗ್ರಾಂ ಬಳಸುವವರು ಅದರ ‘ಡೇಟಾ ಮತ್ತು ಸ್ಟೋರೇಜ್’ನಲ್ಲಿ ಕ್ಯಾಶ್ (ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟ ಪ್ರತಿಗಳು) ಅಳಿಸಿ, ಕಡತಗಳು ಅವರ ಸರ್ವರಿನಲ್ಲಿರುತ್ತವೆ, ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವನ್ನು ‘ಡಿಲೀಟ್’ ಮಾಡಿದರೆ ಅದು ಟ್ಯಾಬ್ಲೆಟ್, ಫೋನ್, ಗೂಗಲ್ ಖಾತೆ ಎಲ್ಲ ಕಡೆಯಿಂದ ಹೋಗುತ್ತದೆ. ಟ್ಯಾಬ್ಲೆಟ್‌ನ ಪ್ರತಿ ಮಾತ್ರ ಹೋಗಬೇಕಾದರೆ ಒತ್ತಬೇಕಾದದ್ದು ‘ಫ್ರೀ ಅಪ್ ಸ್ಪೇಸ್’. ಈ ಎರಡು ಗುಂಡಿಗಳ ವ್ಯತ್ಯಾಸ ತಿಳಿಯದೆ ಮಗುವಿನ ಮೊದಲ ವರ್ಷದ ಫೋಟೊಗಳನ್ನು ಕಳೆದುಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ.

ಅಳಿಸಿದ ತಕ್ಷಣ ಜಾಗ ಬರಲಿಲ್ಲವೇ? ಕಸದ ಬುಟ್ಟಿ ನೋಡಿ. ಗ್ಯಾಲರಿ ಮತ್ತು ಫೈಲ್ಸ್ ಆ್ಯಪ್‌ಗಳು ಸಾಮಾನ್ಯವಾಗಿ 30 ದಿನ, ಗೂಗಲ್ ಫೋಟೋಸ್ ಬ್ಯಾಕಪ್ ಆದ ಚಿತ್ರಗಳನ್ನು 60 ದಿನ ಬುಟ್ಟಿಯಲ್ಲಿ ಇಟ್ಟಿರುತ್ತವೆ. ಅಷ್ಟು ದಿನವೂ ಬುಟ್ಟಿಯೊಳಗಿನ ಕಡತ ಜಾಗ ತಿನ್ನುತ್ತಲೇ ಇರುತ್ತದೆ. ನಮ್ಮದು 3 ಜಿಬಿ ಅಲ್ಲೇ ಇತ್ತು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದೇ ಪಂಚಾಂಗದ ಪಿಡಿಎಫ್ ಮೂರು ಬಾರಿ ಇಳಿದಿತ್ತು. ಅದರ ಗಾತ್ರ ಲೆಕ್ಕಕ್ಕಿಲ್ಲ, ಆದರೂ ತೆಗೆದೆ.

‘ಕ್ಲಿಯರ್ ಕ್ಯಾಶ್’ ಒತ್ತಿದರೆ ಹಾನಿಯಿಲ್ಲ, ಆದರೆ ವಾರದಲ್ಲಿ ಮತ್ತೆ ತುಂಬುತ್ತದೆ. ಅದರ ಪಕ್ಕದ ‘ಕ್ಲಿಯರ್ ಡೇಟಾ’ ಒತ್ತಿದರೆ ಲಾಗಿನ್, ಸೆಟ್ಟಿಂಗ್, ಆಟದ ಪ್ರಗತಿ ಎಲ್ಲ ಮಣ್ಣುಪಾಲು. ‘ಒಂದೇ ಒತ್ತಿಗೆ ಸ್ವಚ್ಛ’ ಎನ್ನುವ ಕ್ಲೀನರ್ ಆ್ಯಪ್‌ಗಳು ಬೇಡವೇ ಬೇಡ. ಜಾಗ ಇಲ್ಲವೆಂದು ಅಳುವ ಮನೆಗೆ ಇನ್ನೊಬ್ಬ ನೆಂಟನನ್ನು ಕರೆದಂತೆ.

ಹಂತ 6: ಮೆಮೊರಿ ಕಾರ್ಡ್

ಟ್ಯಾಬ್ಲೆಟ್ ಅಂಚಿನಲ್ಲಿ ಸೂಜಿ ಚುಚ್ಚುವ ತೂತಿರುವ ಟ್ರೇ ಇದೆಯೇ ನೋಡಿ. ಸಿಮ್ ಇಲ್ಲದ ಮಾದರಿಗಳಲ್ಲೂ ಮೈಕ್ರೊಎಸ್‌ಡಿ ಟ್ರೇ ಇರುವುದುಂಟು. ಗರಿಷ್ಠ ಎಷ್ಟು ಜಿಬಿ ಕಾರ್ಡ್ ಹಿಡಿಯುತ್ತದೆ ಎಂಬುದು ಕೈಪಿಡಿಯಲ್ಲಿರುತ್ತದೆ.

ಸಿನಿಮಾ, ಹಾಡು, ಫೋಟೊ ಇಡಲು ಹೆಸರಾಂತ ತಯಾರಕರ ‘ಕ್ಲಾಸ್ 10’ ಕಾರ್ಡ್ ಸಾಕು. ಆ್ಯಪ್‌ಗಳನ್ನೂ ಅಲ್ಲಿಂದಲೇ ನಡೆಸುವುದಾದರೆ ‘ಎ1’ ಅಥವಾ ‘ಎ2’ ಗುರುತು ಬೇಕು. ಎ1 ಎಂದರೆ ಅಲ್ಲಲ್ಲಿ ಹರಡಿದ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ಕನಿಷ್ಠ 1,500 ಬಾರಿ ಓದಬಲ್ಲದು, 500 ಬಾರಿ ಬರೆಯಬಲ್ಲದು. ಎ2 ಎಂದರೆ 4,000 ಮತ್ತು 2,000.

ಕಾರ್ಡ್ ಕೊಳ್ಳಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ಹೋಗುವವರು ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದುಹೋಗಬಹುದು. ಭಾನುವಾರ ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಅಲ್ಲಾಗಲಿ ಬೇರೆಲ್ಲೇ ಆಗಲಿ, ಬಿಲ್ ಕೇಳಿ ಪಡೆಯಿರಿ. ನಾನು ಒಮ್ಮೆ ಬಿಲ್ ಇಲ್ಲದೆ, ಫುಟ್‌ಪಾತಿನ ಗಾಡಿಯೊಂದರಲ್ಲಿ ‘512 ಜಿಬಿ’ ಕಾರ್ಡನ್ನು 32 ಜಿಬಿಯ ಬೆಲೆಗೆ ಕೊಂಡೆ. ಲಾಲ್‌ಬಾಗ್‌ನ ಆಗಸ್ಟ್ ಫಲಪುಷ್ಪ ಪ್ರದರ್ಶನದ ಫೋಟೊಗಳನ್ನು ಅದಕ್ಕೆ ವರ್ಗಾಯಿಸಿದೆ. ಮನೆಗೆ ಬಂದು ತೆರೆದರೆ ಹಳೆಯ ಚಿತ್ರಗಳು ಸರಿ, ಹೊಸವು ಮಾತ್ರ ಅರ್ಧ ಹೂವು, ಉಳಿದರ್ಧ ಬೂದಿ ಬಣ್ಣದ ಪಟ್ಟಿ. ಇಂಥ ಕಾರ್ಡಿನ ಒಳಗಿರುವುದು ಸಣ್ಣ ಚಿಪ್. ಅದರ ನಿಯಂತ್ರಕಕ್ಕೆ ದೊಡ್ಡ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಮಿತಿ ದಾಟಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ನಕಲು ಮುಗಿಯಿತು ಎಂದೇ ಪರದೆ ಹೇಳುತ್ತದೆ, ಒಂದೂ ದೋಷ ತೋರಿಸುವುದಿಲ್ಲ.

ಹಾಗಾಗಿ ಹೊಸ ಕಾರ್ಡನ್ನು ಮೊದಲ ದಿನವೇ ಪರೀಕ್ಷಿಸಿ. ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಲಿನಕ್ಸ್‌ನಲ್ಲಿ ‘ಎಫ್3’ ಎಂಬ ಉಚಿತ ತಂತ್ರಾಂಶಗಳಿವೆ. ಅವು ಕಾರ್ಡನ್ನು ಪೂರ್ತಿ ತುಂಬಿ, ತುಂಬಿದ್ದನ್ನು ಮತ್ತೆ ಓದಿ ತಾಳೆ ನೋಡುತ್ತವೆ. ಸೆಕೆಂಡಿಗೆ 20 ಎಂಬಿ ಬರೆಯುವ 128 ಜಿಬಿ ಕಾರ್ಡಿಗೆ ಬರೆಯುವುದೊಂದಕ್ಕೇ ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಊಟ ಮುಗಿಸಿ.

ಕಾರ್ಡ್ ಹಾಕಿದಾಗ ಕೆಲವು ಟ್ಯಾಬ್ಲೆಟ್‌ಗಳು ‘ಪೋರ್ಟಬಲ್’ ಬೇಕೋ ‘ಇಂಟರ್ನಲ್’ ಬೇಕೋ ಎಂದು ಕೇಳುತ್ತವೆ. 2015ರ ಆಂಡ್ರಾಯ್ಡ್ 6ರಿಂದ ಬಂದ ಸೌಲಭ್ಯ ಇದು. ಹಲವು ತಯಾರಕರು ತೋರಿಸುವುದೇ ಇಲ್ಲ. ‘ಇಂಟರ್ನಲ್’ ಆಯ್ದರೆ ಕಾರ್ಡ್ ಗೂಢಲಿಪಿಗೆ ತಿರುಗಿ ಆ ಒಂದು ಟ್ಯಾಬ್ಲೆಟ್‌ಗೇ ಕಟ್ಟುಬೀಳುತ್ತದೆ. ಟ್ಯಾಬ್ಲೆಟ್ ಕೆಟ್ಟರೆ ಕಾರ್ಡಿನಲ್ಲಿದ್ದದ್ದನ್ನು ಬೇರೆಲ್ಲೂ ಓದಲಾಗದು. ನಾನು ಯಾರಿಗೂ ‘ಪೋರ್ಟಬಲ್’ ಬಿಟ್ಟು ಬೇರೆ ಹೇಳುವುದಿಲ್ಲ. ಆಮೇಲೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೂ ವಿಡಿಯೊ ಆ್ಯಪ್‌ನ ಡೌನ್‌ಲೋಡ್ ಸೆಟ್ಟಿಂಗ್ಸ್‌ನಲ್ಲೂ ‘ಎಸ್‌ಡಿ ಕಾರ್ಡ್’ ಆಯ್ದುಕೊಳ್ಳಿ. ತಾನಾಗಿಯೇ ಅಲ್ಲಿಗೆ ಹೋಗುವುದಿಲ್ಲ. ಮೊಮ್ಮಗನ 8 ಜಿಬಿ ಹೀಗೆ ಕಾರ್ಡಿಗೆ ಹೋಯಿತು.

ಲೆಕ್ಕ ಹಾಕಿದೆವು. 4, 2, 8, 5, 3: ಒಟ್ಟು 22. ಮೊದಲಿದ್ದ 5 ಸೇರಿ 27 ಜಿಬಿ ಖಾಲಿ. ಚಿಕ್ಕಮ್ಮ ಕ್ಯಾಲೆಂಡರ್ ಹಿಂದಿನ ಲೆಕ್ಕವನ್ನು ಎರಡು ಬಾರಿ ಕೂಡಿ ನೋಡಿದ ಮೇಲೆಯೇ ಎರಡನೆಯ ಕಾಫಿ ಬಂತು.

ಐಪ್ಯಾಡ್, ವಿಂಡೋಸ್ ಇದ್ದವರಿಗೆ

ಐಪ್ಯಾಡ್‌ಗೆ ಕಾರ್ಡ್ ಹಾಕುವ ಜಾಗವಿಲ್ಲ. ಸೆಟ್ಟಿಂಗ್ಸ್‌ನ ‘ಜನರಲ್’ ಒಳಗಿನ ‘ಐಪ್ಯಾಡ್ ಸ್ಟೋರೇಜ್’ ತೆರೆದು ‘ಆಫ್‌ಲೋಡ್’ ಬಳಸಿ: ಆ್ಯಪ್ ಹೋಗುತ್ತದೆ, ಅದರೊಳಗಿನ ನಿಮ್ಮ ಕಡತಗಳು ಉಳಿಯುತ್ತವೆ. 2019ರ ಐಪ್ಯಾಡ್ ಓಎಸ್ 13ರಿಂದ ಪೆನ್‌ಡ್ರೈವ್ ಜೋಡಿಸಿ ‘ಫೈಲ್ಸ್’ನಲ್ಲಿ ನೋಡಬಹುದು, ಆದರೆ ಸಿನಿಮಾ ಆ್ಯಪ್‌ಗಳ ಡೌನ್‌ಲೋಡ್ ಅಲ್ಲಿಗೆ ಹೋಗದು. ವಿಂಡೋಸ್ ಟ್ಯಾಬ್ಲೆಟ್‌ನಲ್ಲಿ ‘ಡಿಸ್ಕ್ ಕ್ಲೀನಪ್’ ತೆರೆದು ಹಳೆಯ ವಿಂಡೋಸ್‌ನ ಉಳಿಕೆಗಳನ್ನು ತೆಗೆಯಿರಿ. ಹಲವು ಜಿಬಿ ಸಿಗುವುದುಂಟು.

ಕ್ಲೌಡ್ ನೆಚ್ಚಿಕೊಳ್ಳುವವರು ಮಿತಿ ನೆನಪಿಡಿ. ಗೂಗಲ್‌ನ ಉಚಿತ 15 ಜಿಬಿ ಎಂದರೆ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಕುಗ್ಗಿಸಿದ ಫೋಟೊಗಳೂ ಲೆಕ್ಕಕ್ಕೆ ಬರುತ್ತವೆ. ಆ್ಯಪಲ್ ಕೊಡುವುದು 5.

ಎಷ್ಟು ಖಾಲಿ ಬಿಡಬೇಕು?

ಹತ್ತರಲ್ಲಿ ಒಂದು ಪಾಲಾದರೂ ಬಿಡಿ ಎನ್ನುವುದು ನನ್ನ ರೂಢಿ, 64ಕ್ಕೆ ಆರೇಳು ಜಿಬಿ. ಸ್ಟೋರೇಜ್ ಆಗಿ ಒಳಗೆ ಕೂತಿರುವ ಫ್ಲ್ಯಾಶ್ ಚಿಪ್ ಬರೆದದ್ದರ ಮೇಲೆ ನೇರವಾಗಿ ಬರೆಯಲಾರದು. ಒಂದಿಡೀ ಬ್ಲಾಕ್ (ಚಿಪ್ಪಿನ ಒಂದು ಖಂಡ) ಅಳಿಸಿಯೇ ಮತ್ತೆ ಬರೆಯಬೇಕು. ಖಾಲಿ ಬ್ಲಾಕ್ ಇಲ್ಲದಿದ್ದರೆ, ಇರುವುದನ್ನು ಅತ್ತಿತ್ತ ಸರಿಸಿ ಜಾಗ ಮಾಡಿಕೊಳ್ಳುವುದರಲ್ಲೇ ಅದರ ಹೊತ್ತು ಹೋಗುತ್ತದೆ. ತುಂಬಿದ ಟ್ಯಾಬ್ಲೆಟ್ ತೆವಳುವುದಕ್ಕೆ ಇದೊಂದು ಕಾರಣ, ಅಗ್ಗದ ಮಾದರಿಗಳ ಇಎಂಎಂಸಿ ಎಂಬ ನಿಧಾನದ ಚಿಪ್‌ಗಳಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ.

ಇನ್ನೂ ಕೊಳ್ಳದವರಿಗೆ

ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಟ್ಯಾಬ್ಲೆಟ್ ಎತ್ತಿಕೊಂಡು, ಬಣ್ಣಬಣ್ಣದ ವಿಡಿಯೊ ನಿಲ್ಲಿಸಿ, ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟ ತೆರೆಯಿರಿ. ‘ಸಿಸ್ಟಂ’ ಸಾಲಿನ ಅಂಕಿಯನ್ನು ಡಬ್ಬಿಯ ಅಂಕಿಯಿಂದ ಕಳೆಯಿರಿ. ಪ್ರದರ್ಶನದ ಟ್ಯಾಬ್ಲೆಟ್ 128ರದ್ದು, ನೀವು ಕೊಳ್ಳುವುದು 64ರದ್ದು ಆಗಿದ್ದರೂ ಸಿಸ್ಟಂನ ಗಾತ್ರ ಹೆಚ್ಚುಕಡಿಮೆ ಅದೇ ಇರುತ್ತದೆ. ಸಣ್ಣ ಮಾದರಿ ಕೊಂಡವನಿಗೇ ಹೆಚ್ಚು ನಷ್ಟ. ಕಾರ್ಡ್ ಟ್ರೇ ಇದ್ದರೆ 64ರಲ್ಲಿ ಕಾಲ ಹಾಕಬಹುದು. ಇಲ್ಲದಿದ್ದರೆ 128ಕ್ಕಿಂತ ಕೆಳಗೆ ಇಳಿಯಬೇಡಿ. ಸ್ಟೋರೇಜ್ ಪುಟ ತೆರೆಯಲು ಬಿಡದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ.